ಇಸ್ಲಾಮಿನಲ್ಲಿ ಮಾನವಸ್ವಭಾವದ ವಿಚಾರವೂ ಶೀಲಸಂಸ್ಕಾರವೂ: ಹಳಿಯಾಳ ಸೀಮೆಯ ಒಂದು ನಿದರ್ಶನದೊಡನೆ

'ಸ್ವಭಾವ' ಎಂಬುದು ಕನ್ನಡಿಗರ ಬಾಯಿಗೆ ಬಹು ಸುಲಭವಾಗಿ ಬರುವ ಮಾತು. ಮಗು ಹಟ ಮಾಡಿದರೆ ಅದರ ಸ್ವಭಾವವೆನ್ನುತ್ತೇವೆ. ಆಳು ಸುಳ್ಳಾಡಿದರೆ ಅವನ ಸ್ವಭಾವವೆನ್ನುತ್ತೇವೆ. ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಯನ್ನು ಅದಕ್ಕೆ ಬೆಂಬಲವಾಗಿ ತರುತ್ತೇವೆ. ಈ ಮಾತು ಮನೆಯ ಜಗಲಿಯಲ್ಲಿ ಇರುವವರೆಗೆ ಅಷ್ಟಾಗಿ ಬಾಧಕವಿಲ್ಲ. ಅದು ಗ್ರಂಥಕ್ಕೇರಿದಾಗ ಬಾಧೆ ತೊಡಗುತ್ತದೆ. ಬೊಂಬಾಯಿ ಪ್ರಾಂತದ ಗ್ಯಾಜೆಟಿಯರ್ ಮಾಲೆಯಲ್ಲಿ ಕೆನರಾ ಜಿಲ್ಲೆಯ ಸಂಪುಟವು ೧೮೮೩ರಲ್ಲಿ ಹೊರಬಿದ್ದಿತು. ಒಂದೊಂದು ಜಾತಿಯ ಮನೆಮಠ, ಉಡುಗೆತೊಡುಗೆ, ಊಟೋಪಚಾರಗಳನ್ನು ವಿವರಿಸುವ ಸಾಲಿನಲ್ಲಿಯೇ ಆ ಜಾತಿಯವರ ಗುಣವನ್ನೂ ಎರಡು ಮೂರು ವಿಶೇಷಣಗಳಲ್ಲಿ ಹೇಳಿ ಮುಗಿಸುವುದು ಆ ಮಾಲೆಯ ಪದ್ಧತಿ. ಒಂದು ಜನಾಂಗಕ್ಕೆಲ್ಲ ಒಂದೇ ಸ್ವಭಾವ, ಅದು ಹುಟ್ಟಿನಿಂದ ಬಂದದ್ದು, ಎಂಬ ಅಭಿಪ್ರಾಯವು ಅಂತಹ ವಾಕ್ಯಗಳ ಹಿಂದೆ ಅಡಗಿರುವುದನ್ನು ಯಾರಾದರೂ ಕಾಣಬಹುದು.

ಈ ಅಭಿಪ್ರಾಯಕ್ಕೆ ಇಸ್ಲಾಂ ಮತದ ಶಾಸ್ತ್ರಕಾರರು ಏನು ಹೇಳುವರೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ವಿಚಾರಕ್ಕೆ ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯನ್ನು ನೆಲೆಯಾಗಿ ಆರಿಸಿಕೊಂಡಿರುವುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಮುಂದೆ ಹೇಳಲಿರುವ ಸಿದ್ದಿ ಜನರು. ಎರಡನೆಯದು, ಮುಂಡಗೋಡಕ್ಕೆ ಸೇರಿದಂತೆಯೇ ಇರುವ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಬಾಳಿದ ಶರೀಫ ಸಾಹೇಬರು. ಶರೀಫರ ಪದಗಳನ್ನು ತರಗತಿಯಲ್ಲಿ ಬೋಧಿಸುವ ಅಧ್ಯಾಪಕಮಿತ್ರರು, "ಮುಸಲ್ಮಾನರಲ್ಲಿ 'ಆತ್ಮ'ಕ್ಕೆ ಏನನ್ನುತ್ತಾರೆ?" ಎಂದು ಕೇಳುವುದುಂಟು. ಒಂದೇ ಮಾತಿನಲ್ಲಿ ಉತ್ತರ ಕೊಡಲು ಸಾಧ್ಯವಾಗದ ಪ್ರಶ್ನೆಯದು. ಏಕೆ ಸಾಧ್ಯವಿಲ್ಲವೆಂಬುದೂ ಈ ಬರಹದಿಂದ ಸ್ವಲ್ಪಮಟ್ಟಿಗೆ ತಿಳಿದುಬಂದೀತು.

ಇಸ್ಲಾಮೀಯ ಮಾನವವಿಚಾರಕ್ಕೆ ತಲೆಬಾಗಿಲಿನಂತಿರುವ ಶಬ್ದ 'ಫಿತ್ರತ್'. ಅರಬ್ಬೀ ಭಾಷೆಯಲ್ಲಿ ಇದರ ಧಾತುವಿಗೆ ಸೀಳು, ಮೊದಲಬಾರಿಗೆ ಉಂಟುಮಾಡು ಎಂಬ ಅರ್ಥಗಳಿವೆ. ಕುರಾನಿನ ೩೦ನೆಯ ಅಧ್ಯಾಯದ ೩೦ನೆಯ ವಾಕ್ಯದಲ್ಲಿ, ದೇವರು ಮನುಷ್ಯರನ್ನು ಯಾವ ಮೂಲರೂಪದಲ್ಲಿ ಸೃಷ್ಟಿಸಿದನೋ ಅದಕ್ಕೆ ಈ ಹೆಸರು ಬಂದಿದೆ. ಇದನ್ನು ವಿವರಿಸುವ ಪೈಗಂಬರರ ವಚನವೊಂದು ಬುಖಾರಿ, ಮುಸ್ಲಿಂ ಎಂಬಿಬ್ಬರ ಸಂಗ್ರಹಗಳಲ್ಲಿಯೂ ಉಂಟು. ಅದರ ತಾತ್ಪರ್ಯವೇನೆಂದರೆ: ಹುಟ್ಟುವ ಪ್ರತಿಯೊಂದು ಶಿಶುವೂ ಫಿತ್ರತ್ತಿನಲ್ಲಿಯೇ ಹುಟ್ಟುತ್ತದೆ, ಬಳಿಕ ತಂದೆತಾಯಿಗಳು ಅದನ್ನು ಯೆಹೂದ್ಯನನ್ನಾಗಿಯೋ ಕ್ರೈಸ್ತನನ್ನಾಗಿಯೋ ಅಗ್ನಿಪೂಜಕನನ್ನಾಗಿಯೋ ಮಾಡುತ್ತಾರೆ. ಇದರೊಡನೆಯೇ ಬರುವ ದೃಷ್ಟಾಂತವು ದನಗಾಹಿಗಳ ಬಾಳಿನಿಂದ ತೆಗೆದುದು. ಪಶುವು ಈಯುವಾಗ ಅಂಗಾಂಗಗಳೆಲ್ಲ ಸರಿಯಾಗಿರುವ ಕರುವನ್ನೇ ಈಯುತ್ತದೆ; ಅದರ ಕಿವಿಯನ್ನು ಕತ್ತರಿಸಿ ಗುರುತು ಮಾಡುವವರು ಮನುಷ್ಯರು.

ಈ ವಚನವನ್ನು ಹೇಗೆ ಅರ್ಥಮಾಡಬೇಕೆಂಬ ವಿಷಯದಲ್ಲಿ ಪಂಡಿತರಲ್ಲಿ ಏಕಾಭಿಪ್ರಾಯವಿಲ್ಲ. ಸ್ಪೇನಿನ ಪಂಡಿತನಾದ ಇಬ್ನ್ ಅಬ್ದುಲ್‌ಬರ್‌ನು (ಮರಣ ೧೦೭೧) ಕರುವಿನ ದೃಷ್ಟಾಂತವನ್ನೇ ಹಿಡಿದು, ಫಿತ್ರತ್ ಎಂದರೆ ಅಂಗವೈಕಲ್ಯವಿಲ್ಲದ ಒಂದು ಸ್ವಸ್ಥಸ್ಥಿತಿ, ಅಷ್ಟೇ. ಆ ಸ್ಥಿತಿಯಲ್ಲಿ ಶಿಶುವಿಗೆ ನಂಬಿಕೆಯೂ ಇಲ್ಲ, ಅಪನಂಬಿಕೆಯೂ ಇಲ್ಲ, ಎಂದು ವಾದಿಸಿದನು. ಎರಡೂವರೆ ಶತಮಾನಗಳ ಬಳಿಕ ದಮಾಸ್ಕಸ್ಸಿನ ಇಬ್ನ್ ತೈಮಿಯ್ಯನು (ಮರಣ ೧೩೨೮) ಇದನ್ನೊಪ್ಪಲಿಲ್ಲ. ಸ್ವಸ್ಥವಾದ ನಾಲಗೆಗೆ ಸಿಹಿಯು ಹೇಗೆ ತಾನಾಗಿ ಹಿಡಿಸುವುದೋ ಹಾಗೆ ಸ್ವಸ್ಥವಾದ ಫಿತ್ರತ್ತು ಸತ್ಯದ ಕಡೆಗೆ ತಾನಾಗಿ ವಾಲುತ್ತದೆ. ಅದು ಬರಿಯ ತಟಸ್ಥತೆಯಲ್ಲ, ಎಂಬುದು ಅವನ ಪಕ್ಷದ ಸಾರ. ನಮ್ಮ ಎಣಿಕೆಯಲ್ಲಿ ಕರುವಿನ ದೃಷ್ಟಾಂತಕ್ಕೆ ಮೊದಲನೆಯವನ ಅರ್ಥವೂ ಕುರಾನಿನ ವಾಕ್ಯಕ್ಕೆ ಎರಡನೆಯವನ ಅರ್ಥವೂ ಹೆಚ್ಚು ಹೊಂದುತ್ತವೆ. ಇಬ್ಬರಿಗೂ ಸಮಾನವಾದ ಅಂಶವೊಂದುಂಟು: ದುರ್ಗುಣವು ಹುಟ್ಟಿನಿಂದ ಬಂದುದಲ್ಲ.

ಇಲ್ಲಿ ಯುರೋಪಿನ ಲಾಕ್ ಮಹಾಶಯನ ಬಿಳಿಯ ಕಾಗದದ ಉಪಮೆ ಓದುಗರ ನೆನಪಿಗೆ ಬರಬಹುದು. ದಾಂಡೇಲಿಯಲ್ಲಿ ೧೯೫೦ರ ದಶಕದಲ್ಲಿ ಕಾಗದದ ಕಾರ್ಖಾನೆ ನೆಲೆಗೊಂಡ ಮೇಲೆ ಆ ಸೀಮೆಯವರಿಗೆ ಕಾಗದವೆಂದರೆ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಏನೂ ಬರೆಯದ ಹಾಳೆಗೂ ನಾರಿನ ಒಂದು ಓಟವಿರುತ್ತದೆ, ಅದರ ಉದ್ದಕ್ಕೆ ಹರಿದರೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟಗಾಗುತ್ತದೆ. ಇಬ್ನ್ ತೈಮಿಯ್ಯನ ಫಿತ್ರತ್ತು ಲಾಕನ ಹಾಳೆಗಿಂತ ಈ ಹಾಳೆಗೆ ಹತ್ತಿರವಾದುದು.

ಇನ್ನು ಸಿದ್ದಿಗಳ ವಿಷಯ. ಆಫ್ರಿಕದಿಂದ ಮುಖ್ಯವಾಗಿ ಪೋರ್ತುಗೀಜರ ಗೋವೆಯ ಮೂಲಕ ದಾಸರಾಗಿ ಬಂದವರ ಸಂತತಿಯವರು ಇವರು. ದಾಸ್ಯದಿಂದ ಪಾರಾಗಿ ಘಟ್ಟದ ಮೇಲಣ ಅಡವಿಗಳನ್ನು ಸೇರಿ, ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲ, ಮತ್ತು ಹಿಂದೆ ಸೂಪಾ ಎನಿಸಿಕೊಂಡಿದ್ದ ಜೋಯಿಡಾ ತಾಲ್ಲೂಕುಗಳಲ್ಲಿ ನೆಲೆಸಿದರು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳಲ್ಲಿ ಸೇರಿಸಿದ್ದು ೨೦೦೩ರಲ್ಲಿ. ಟಿ. ಸಿ. ಪಾಲಾಕ್ಷಪ್ಪನವರು ೧೯೭೬ರಲ್ಲಿ ಇವರ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದ ತರುವಾಯ ಹಲವರು ವಿದ್ವಾಂಸರು ಇವರ ಬಾಳನ್ನು ಅಭ್ಯಸಿಸಿದ್ದಾರೆ. ಎಲ್ಲರ ಗಮನವನ್ನೂ ಸೆಳೆದಿರುವ ಸಂಗತಿಯೊಂದುಂಟು. ಒಂದೇ ಮೂಲದ ಈ ಜನರಲ್ಲಿ ಕೆಲವರು ಹಿಂದೂಗಳು, ಕೆಲವರು ಕ್ರೈಸ್ತರು, ಕೆಲವರು ಮುಸಲ್ಮಾನರು. ಯಲ್ಲಾಪುರ, ಅಂಕೋಲಗಳ ಕಡೆ ಹಿಂದೂಗಳೂ ಹಳಿಯಾಳದ ಕಡೆ ಕ್ರೈಸ್ತರೂ ಹೆಚ್ಚು; ಮುಸಲ್ಮಾನ ಸಿದ್ದಿಗಳು ಹಳಿಯಾಳ, ಮುಂಡಗೋಡ, ಯಲ್ಲಾಪುರಗಳಲ್ಲಿದ್ದಾರೆ. ಯಾರ ಆಶ್ರಯದಲ್ಲಿ ದುಡಿದರೋ ಅವರ ಮತವನ್ನು ಹಿಡಿದರೆಂಬುದು ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ. ಮತವು ಬೇರೆಯಾದರೂ ಹಿರಿಯರ ಆರಾಧನೆ, ದಮಾಮಿಯ ಬಡಿತ, ಕುಣಿತ ಇವು ಅವರಲ್ಲಿ ಬಹುಮಟ್ಟಿಗೆ ಸಮಾನವಾಗಿಯೇ ಉಳಿದುಬಂದಿವೆ.

ತಂದೆತಾಯಿಗಳೇ ಮಗುವನ್ನು ಇಂತಹ ಮತದವನನ್ನಾಗಿ ಮಾಡುತ್ತಾರೆಂಬ ವಚನಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಕನ್ನಡನಾಡಿನಲ್ಲಿ ದೊರೆಯುವುದು ಕಷ್ಟ. ಗಜ್ಜಾಲೀ ಪಂಡಿತನು ತನ್ನ ಆತ್ಮವೃತ್ತಾಂತದ ಆರಂಭದಲ್ಲಿ ಹೇಳುವ ಮಾತೊಂದು ಇಲ್ಲಿ ಸ್ಮರಣೀಯ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿಯೇ ಬೆಳೆಯುವುದನ್ನೂ ಯೆಹೂದ್ಯರ ಮಕ್ಕಳು ಯೆಹೂದ್ಯರಾಗಿಯೇ ಬೆಳೆಯುವುದನ್ನೂ ಮುಸಲ್ಮಾನರ ಮಕ್ಕಳು ಮುಸಲ್ಮಾನರಾಗಿಯೇ ಬೆಳೆಯುವುದನ್ನೂ ಎಳೆಯ ಪ್ರಾಯದಲ್ಲಿಯೇ ಕಂಡು, ಮೇಲೆ ಹೇಳಿದ ಪೈಗಂಬರವಚನವನ್ನು ಕೇಳಿ, ಹಾಗಾದರೆ ಈ ಹೊದಿಕೆಗಳ ಕೆಳಗಿರುವ ಮೂಲವಸ್ತು ಯಾವುದೆಂದು ಅರಸಲು ತನ್ನ ಮನಸ್ಸು ಹಾತೊರೆಯಿತೆಂದು ಅವನು ಬರೆದಿದ್ದಾನೆ. ತನ್ನ ಮತವನ್ನೂ ಆ ಪಟ್ಟಿಯಲ್ಲಿ ಸೇರಿಸಿ ಹೇಳಿದ ಅವನ ನಿಷ್ಪಕ್ಷಪಾತಬುದ್ಧಿಯನ್ನು ಗಮನಿಸಬೇಕು.

ಶಿಶುವಿನ ಮೂಲಸ್ಥಿತಿಯು ಸ್ವಸ್ಥವೆಂದಮಾತ್ರಕ್ಕೆ ಕುರಾನು ಮನುಷ್ಯನನ್ನು ಹೊಗಳಿಕೆಯಲ್ಲಿಯೇ ಮುಳುಗಿಸುತ್ತದೆಂದು ತಿಳಿಯಬಾರದು. ಅವನು ಆತುರಗಾರನೆಂದೂ (೧೭:೧೧), ದುರ್ಬಲನೆಂದೂ (೪:೨೮), ಕೇಡು ತಟ್ಟಿದರೆ ಗೋಳಿಟ್ಟು ಒಳಿತು ತಟ್ಟಿದರೆ ಕೈ ಬಿಗಿಹಿಡಿಯುವ ಚಂಚಲನೆಂದೂ (೭೦:೧೯-೨೧) ಹೇಳಿದೆ. ಅತ್ಯುತ್ತಮವಾದ ಆಕಾರದಲ್ಲಿ ಸೃಷ್ಟಿಯಾಗಿ ಅತ್ಯಂತ ಕೀಳಾದ ಸ್ಥಿತಿಗೆ ಇಳಿಯಬಲ್ಲವನೆಂಬ ಮಾತು ೯೫ನೆಯ ಅಧ್ಯಾಯದಲ್ಲಿ ಬರುತ್ತದೆ. ಜೇಡಿಮಣ್ಣಿನಿಂದ ಮಾಡಿ ಅದರಲ್ಲಿ ದೇವರು ತನ್ನ ಉಸಿರನ್ನೂದಿದನೆಂಬ ಕಥನದಲ್ಲಿಯೇ (೧೫:೨೮-೨೯) ಈ ದ್ವಂದ್ವದ ಬೀಜವಿದೆ. ಆದರೆ ಮಣ್ಣು ಪಾಪವಲ್ಲ. ಆದಮನು ತಪ್ಪಿದನು, ಪಶ್ಚಾತ್ತಾಪಪಟ್ಟನು, ಕ್ಷಮೆ ಹೊಂದಿದನು (೨:೩೭); ಅವನ ತಪ್ಪು ಮಕ್ಕಳ ರಕ್ತದಲ್ಲಿ ಹರಿದುಬರಲಿಲ್ಲ. ಕ್ರೈಸ್ತರಲ್ಲಿ ಅನೇಕ ಪಂಥದವರು ಒಪ್ಪುವ ಮೂಲಪಾಪದ ತತ್ತ್ವಕ್ಕೆ ಇಲ್ಲಿ ಎಡೆಯಿಲ್ಲ. ಆದಮನ ತಪ್ಪನ್ನು ಕುರಾನು 'ಮರೆವು' ಎಂದು ಕರೆದಿದೆ (೨೦:೧೧೫). ಮನುಷ್ಯನೆಂಬ ಅರ್ಥದ 'ಇನ್ಸಾನ್' ಎಂಬ ಪದವು ಮರೆವೆಂಬ ಅರ್ಥದ 'ನಿಸ್ಯಾನ್' ಎಂಬುದರಿಂದ ಬಂದಿತೆಂದು ಕೆಲವರು ಹಳೆಯ ನಿಘಂಟುಕಾರರು ಹೇಳುತ್ತಿದ್ದರು. ಒಡನಾಟವೆಂಬ ಅರ್ಥದ 'ಉನ್ಸ್' ಎಂಬುದರಿಂದ ಬಂದಿತೆಂದು ಇನ್ನು ಕೆಲವರು. ಭಾಷಾಶಾಸ್ತ್ರದ ದೃಷ್ಟಿಯಿಂದ ಮೊದಲನೆಯದು ನಿಲ್ಲಲಾರದು. ಆದರೂ ಸೂಫಿಗಳಿಗೆ ಅದು ಬಹು ಪ್ರಿಯವಾಯಿತು; ರೋಗವು ಮರೆವಾದರೆ ಮದ್ದು ನೆನಹು, ಅಂದರೆ 'ಜಿಕ್ರ್', ಎಂದಾಗುತ್ತದಷ್ಟೆ.

'ನಫ್ಸ್' ಎಂಬ ಶಬ್ದಕ್ಕೆ ಬಂದರೆ ನಮ್ಮ ಅನುವಾದಕರ ಕಷ್ಟಗಳು ತೊಡಗುತ್ತವೆ. ಅರಬ್ಬಿಯಲ್ಲಿ ಇದು 'ತಾನು' ಎಂಬ ಸಾಮಾನ್ಯ ಸರ್ವನಾಮದ ಕೆಲಸವನ್ನೂ ಮಾಡುತ್ತದೆ. ಕನ್ನಡದಲ್ಲಿ ಇದನ್ನು 'ಆತ್ಮ'ವೆಂದು ಬರೆದರೆ ಉಪನಿಷತ್ತುಗಳ ಪರಿಚಯವುಳ್ಳ ಓದುಗನು ನಿತ್ಯಶುದ್ಧವಾದ, ವಿಕಾರವಿಲ್ಲದ ತತ್ತ್ವವೊಂದನ್ನು ಭಾವಿಸಿಕೊಳ್ಳುತ್ತಾನೆ. ನಫ್ಸು ಹಾಗಲ್ಲ, ಅದು ಕೆಡುತ್ತದೆ, ತನ್ನನ್ನು ತಾನೇ ಹಳಿದುಕೊಳ್ಳುತ್ತದೆ, ತಿದ್ದಿಕೊಳ್ಳುತ್ತದೆ, ನೆಮ್ಮದಿ ಹೊಂದುತ್ತದೆ. 'ಮನಸ್ಸು' ಎಂದರೆ ಅರ್ಥ ಸಂಕೋಚವಾಗುತ್ತದೆ. 'ಜೀವ'ವೆಂಬುದು ಇವೆರಡಕ್ಕಿಂತ ಮೇಲು. ಆದರೆ ಅದರ ಬೆನ್ನಿಗೆ ಜನ್ಮಾಂತರಗಳು ಅಂಟಿಕೊಂಡು ಬರುತ್ತವೆ. ಕುರಾನಿನಲ್ಲಿ ಮೂರು ಕಡೆ ಈ ಶಬ್ದಕ್ಕೆ ಮೂರು ವಿಶೇಷಣಗಳು ಬಂದಿವೆ: ಕೇಡಿಗೆ ಪ್ರೇರಿಸುವ 'ಅಮ್ಮಾರ' (೧೨:೫೩), ತನ್ನನ್ನು ಹಳಿದುಕೊಳ್ಳುವ 'ಲವ್ವಾಮ' (೭೫:೨), ನೆಮ್ಮದಿಗೊಂಡ 'ಮುತ್ಮಯಿನ್ನ' (೮೯:೨೭). ಮೂರೂ ಬೇರೆ ಬೇರೆ ಸಂದರ್ಭಗಳಲ್ಲಿ ಬಂದ ಮಾತುಗಳು. ಇವನ್ನು ಒಂದರ ಮೇಲೊಂದಾದ ಮೆಟ್ಟಿಲುಗಳಾಗಿ ಜೋಡಿಸಿದವರು ಈಚಿನ ಶಾಸ್ತ್ರಕಾರರು ಮತ್ತು ಸೂಫಿಗಳು.

ಇವನ್ನು ನಮ್ಮಲ್ಲಿ ಕೆಲವರು ತಮಸ್ಸು, ರಜಸ್ಸು, ಸತ್ತ್ವಗಳೊಡನೆ ಸಮೀಕರಿಸುವುದುಂಟು. ಸಾದೃಶ್ಯವು ಮೋಹಕವೇ; ಆದರೆ ಮೇಲುಮೇಲಿನದು. ಸಾಂಖ್ಯರ ಗುಣಗಳು ಪ್ರಕೃತಿಯ ಘಟಕಗಳು. ಕಲ್ಲಿನಲ್ಲಿಯೂ ಉಂಟು, ಮರದಲ್ಲಿಯೂ ಉಂಟು. ಮೂರೂ ಏಕಕಾಲದಲ್ಲಿ ಹೆಣೆದುಕೊಂಡಿರುತ್ತವೆ. ನಫ್ಸಿನ ಮೂರು ವಿಶೇಷಣಗಳಾದರೋ ಹೊಣೆಗಾರಿಕೆಯುಳ್ಳ ಮನುಷ್ಯನೊಬ್ಬನ ನಡತೆಯ ಅವಸ್ಥೆಗಳು. ಕಲ್ಲು ತನ್ನನ್ನು ಹಳಿದುಕೊಳ್ಳಲಾರದು. ಅದಲ್ಲದೆ ಒಬ್ಬನು ಹುಟ್ಟುವಾಗಲೇ ತಾಮಸನೆಂದರೆ ಅದಕ್ಕೆ ಪೂರ್ವಜನ್ಮದ ಕರ್ಮವನ್ನು ನಾವು ಕಾರಣವಾಗಿ ಹೇಳಬಲ್ಲೆವು. ಪೂರ್ವಜನ್ಮವನ್ನು ಒಪ್ಪದ ಮತದಲ್ಲಿ ಆ ಮಾತಿಗೆ ಆಧಾರವಿಲ್ಲ. ಆದುದರಿಂದಲೇ ಅಲ್ಲಿ ತಂದೆತಾಯಿ, ಗುರು, ಊರು, ಅರಸು ಇವರ ಮೇಲೆ ಬೀಳುವ ಹೊರೆ ಹೆಚ್ಚಿನದು.

ಈ ಸಂದರ್ಭದಲ್ಲಿ ೯೧ನೆಯ ಅಧ್ಯಾಯದ ೭ರಿಂದ ೧೦ರವರೆಗಿನ ವಾಕ್ಯಗಳನ್ನು ಶಬ್ದಶಃ ಪರಿಶೀಲಿಸಿದರೆ ಬಹಳ ಲಾಭವುಂಟು. ನಫ್ಸಿಗೆ ಅದರ ಕೇಡಿನ ದಾರಿಯನ್ನೂ ಒಳಿತಿನ ದಾರಿಯನ್ನೂ ದೇವರು ತೋರಿಸಿರುವನೆಂದು ಹೇಳಿ, ಅದನ್ನು ಶುದ್ಧಿಮಾಡಿದವನು ಗೆದ್ದನು, ಹೂತವನು ಸೋತನು, ಎಂಬ ಅಭಿಪ್ರಾಯವನ್ನು ಅವು ಕೊಡುತ್ತವೆ. 'ಶುದ್ಧಿಮಾಡು' ಎಂಬಲ್ಲಿರುವ ಧಾತುವಿಗೆ 'ಬೆಳೆ, ಹೆಚ್ಚು' ಎಂಬ ಅರ್ಥವೂ ಇದೆ. 'ಗೆಲ್ಲು' ಎಂಬಲ್ಲಿರುವ ಧಾತುವಿಗೆ ಉಳು, ಸೀಳು ಎಂಬುದು ಇನ್ನೊಂದರ್ಥ. ಅರಬ್ಬಿಯಲ್ಲಿ ಒಕ್ಕಲಿಗನಿಗೆ 'ಫಲ್ಲಾಹ್' ಎಂಬ ಹೆಸರು ಬಂದುದು ಅದರಿಂದಲೇ. 'ಹೂತನು' ಎಂಬ ಮಾತಿನ ಧಾತುವೋ ೧೬ನೆಯ ಅಧ್ಯಾಯದಲ್ಲಿ, ಹೆಣ್ಣು ಹುಟ್ಟಿತೆಂದು ನಾಚಿ ಶಿಶುವನ್ನು ಮಣ್ಣಿನಲ್ಲಿ ಹೂಳಲೇ ಎಂದು ಚಿಂತಿಸುವ ತಂದೆಯ ವರ್ಣನೆಯಲ್ಲಿ ಮತ್ತೆ ಬರುತ್ತದೆ. ಉಳುವವನು ಬೀಜವನ್ನು ಮಣ್ಣಿಗಿಡುತ್ತಾನೆ. ಕೊಲ್ಲುವವನೂ ಶಿಶುವನ್ನು ಮಣ್ಣಿಗಿಡುತ್ತಾನೆ. ಹಳಿಯಾಳದ ಬತ್ತದ ಗದ್ದೆಗಳ ನಡುವೆ ಇದನ್ನು ಓದುವವನಿಗೆ ಹೆಚ್ಚಿನ ವ್ಯಾಖ್ಯಾನ ಬೇಕಾಗದು. 'ನಫ್ಸಿನ ಸಂಸ್ಕಾರ' ಎಂಬುದಕ್ಕಿಂತ 'ನಫ್ಸಿನ ಬೇಸಾಯ' ಎಂಬ ಕನ್ನಡವು ಮೂಲದ ಭಾವಕ್ಕೆ ಸಮೀಪವೆಂದು ನಮಗೆ ತೋರುತ್ತದೆ. 'ಸಂಸ್ಕಾರ'ವೂ ಜನ್ಮಾಂತರದ ವಾಸನೆಯನ್ನು ಹೊತ್ತಿರುವ ಪದವೇ.

ಅಬೂ ಹಾಮಿದ್ ಗಜ್ಜಾಲೀ (೧೦೫೮-೧೧೧೧) ಖುರಾಸಾನದ ತೂಸ್ ಸೀಮೆಯವನು. ಅವನಿಗಿಂತ ಮುಂಚೆ ಮಿಸ್ಕವೈಹಿಯು (ಮರಣ ೧೦೩೦) ಗ್ರೀಕರ ನೀತಿಶಾಸ್ತ್ರವನ್ನು ಅರಬ್ಬಿಯಲ್ಲಿ ವಿಸ್ತರಿಸಿದ್ದನು. ಅವನ ಬಳಿಕ ನಸೀರುದ್ದೀನ್ ತೂಸಿಯು ಹದಿಮೂರನೆಯ ಶತಮಾನದಲ್ಲಿ ಅದನ್ನು ಪಾರಸೀ ಭಾಷೆಗೆ ತಂದು, ಆ ಗ್ರಂಥವು ಹಿಂದುಸ್ಥಾನದ ದರಬಾರುಗಳಲ್ಲೆಲ್ಲ ಓದಲ್ಪಡುತ್ತಿತ್ತು. ಆದರೆ ನಮ್ಮ ವಿಷಯಕ್ಕೆ ಗಜ್ಜಾಲಿಯೇ ಮುಖ್ಯನು. ಅವನ 'ಇಹ್ಯಾ ಉಲೂಮುದ್ದೀನ್' ಎಂಬ ಮಹಾಗ್ರಂಥದ ೪೦ ಭಾಗಗಳಲ್ಲಿ ೨೧ನೆಯದು ಹೃದಯದ ವಿಸ್ಮಯಗಳನ್ನೂ ೨೨ನೆಯದು ನಫ್ಸನ್ನು ಪಳಗಿಸುವ ಬಗೆಯನ್ನೂ ಹೇಳುತ್ತವೆ. ಹೃದಯವೆಂಬ ಅರ್ಥದ 'ಕಲ್ಬ್' ಎಂಬ ಪದದ ಧಾತುವಿಗೆ ತಿರುಗು, ಮಗುಚು ಎಂದರ್ಥ. ಅತ್ತಿತ್ತ ತಿರುಗುವುದೇ ಅದರ ಲಕ್ಷಣ. ಈ ಹೃದಯದೊಳಗೆ ಹಂದಿಯೊಂದು, ನಾಯಿಯೊಂದು, ಸೈತಾನನೊಬ್ಬನು, ಜ್ಞಾನಿಯೊಬ್ಬನು ವಾಸವಾಗಿದ್ದಾರೆಂದು ಅವನು ರೂಪಿಸುತ್ತಾನೆ. ಹಂದಿಯು ಕಾಮ; ನಾಯಿಯು ಕ್ರೋಧ. ನಾಯಿಯನ್ನು ಕೊಲ್ಲಬೇಕೆಂದು ಅವನು ಹೇಳುವುದಿಲ್ಲ. ಬೇಟೆಗೆ ಹೋಗುವವನಿಗೆ ನಾಯಿ ಬೇಕು; ಅದು ಹೇಳಿದ ಮಾತು ಕೇಳುವಂತಿರಬೇಕು, ಅಷ್ಟೇ. ಕಾಮಕ್ರೋಧಗಳನ್ನು ಬೇರುಸಹಿತ ಕಿತ್ತೊಗೆಯುವುದು ಅವನ ಗುರಿಯಲ್ಲವೆಂಬುದನ್ನು, ಅರಿಷಡ್ವರ್ಗಗಳನ್ನು ಶತ್ರುಗಳೆಂದೇ ಕೇಳಿ ಬೆಳೆದ ನಾವು ವಿಶೇಷವಾಗಿ ಲಕ್ಷಿಸಬೇಕು.

'ಖಲ್ಕ್' ಎಂದರೆ ಹೊರಗಿನ ಆಕಾರ, 'ಖುಲುಕ್' ಎಂದರೆ ಒಳಗಿನ ಶೀಲ. ಅರಬ್ಬೀ ಲಿಪಿಯಲ್ಲಿ ಎರಡಕ್ಕೂ ವ್ಯಂಜನಗಳು ಒಂದೇ. ಗಜ್ಜಾಲಿಯ ಲಕ್ಷಣದಂತೆ ಶೀಲವೆಂದರೆ ನಫ್ಸಿನಲ್ಲಿ ಬೇರೂರಿದ ಒಂದು ಸ್ಥಿತಿ. ಅದರಿಂದ ಕರ್ಮಗಳು ಆಲೋಚನೆಯ ಆಯಾಸವಿಲ್ಲದೆ ಸಲೀಸಾಗಿ ಹೊರಡುತ್ತವೆ. ಒಮ್ಮೆ ದಾನ ಮಾಡಿದವನು ದಾನಿಯಲ್ಲ. ಹೆಣಗಾಡಿ ಸಿಟ್ಟನ್ನು ನುಂಗಿದವನು ಇನ್ನೂ ಶಾಂತನಲ್ಲ. ಇಲ್ಲಿ ಅವನೇ ಪೂರ್ವಪಕ್ಷವನ್ನೆತ್ತುತ್ತಾನೆ. ಕುಳ್ಳನು ತನ್ನನ್ನು ಉದ್ದ ಮಾಡಿಕೊಳ್ಳಲಾರನು, ಕುರೂಪಿಯು ಸುಂದರನಾಗಲಾರನು. ಹೊರಗಿನ ಆಕಾರದಂತೆ ಒಳಗಿನ ಶೀಲವೂ ಬದಲಾಗದು, ಎಂದು ಹೇಳುವವರುಂಟು. ಇದಕ್ಕೆ ಅವನ ಸಮಾಧಾನವು ಹೀಗೆ: ಶೀಲವು ಬದಲಾಗದಿದ್ದರೆ ಉಪದೇಶವೆಲ್ಲ ವ್ಯರ್ಥವಾಗಬೇಕಾಗಿತ್ತು, ಪಶುಗಳಲ್ಲಿಯೇ ಬದಲಾವಣೆ ಕಾಣುತ್ತದಲ್ಲ! ಡೇಗೆಯು ಕೈಮೇಲೆ ಕೂರುವುದನ್ನು ಕಲಿಯುತ್ತದೆ, ನಾಯಿಯು ಹಿಡಿದ ಬೇಟೆಯನ್ನು ತಿನ್ನದಿರುವುದನ್ನು ಕಲಿಯುತ್ತದೆ, ಕುದುರೆಯು ಕಡಿವಾಣಕ್ಕೆ ಒಗ್ಗುತ್ತದೆ. ಖರ್ಜೂರದ ಬೀಜವು ಖರ್ಜೂರದ ಮರವಲ್ಲ, ಸೇಬಿನ ಮರವೂ ಅಲ್ಲ; ಸಾಕಿದರೆ ಖರ್ಜೂರದ ಮರವಾಗುವ ಯೋಗ್ಯತೆ ಅದಕ್ಕುಂಟು; ಎಷ್ಟು ಸಾಕಿದರೂ ಸೇಬಾಗದು. ಈ ಕೊನೆಯ ಮಾತಿನಲ್ಲಿ ಅವನ ವಿವೇಕವು ಎದ್ದು ಕಾಣುತ್ತದೆ. ಮನುಷ್ಯನನ್ನು ಏನನ್ನಾಗಿ ಬೇಕಾದರೂ ಮಾಡಬಹುದೆಂಬ ಹುಚ್ಚುಭರವಸೆಯನ್ನು ಅವನು ಕೊಡುವುದಿಲ್ಲ.

ಉಪಾಯವೇನೆಂದು ಕೇಳಿದರೆ ಅಭ್ಯಾಸವೆನ್ನುತ್ತಾನೆ. ಅಂದವಾದ ಅಕ್ಷರ ಬರೆಯಬೇಕೆನ್ನುವವನು ಮೊದಮೊದಲು ನುರಿತ ಬರೆಹಗಾರನ ಕೈಯನ್ನು ಪ್ರಯಾಸದಿಂದ ಅನುಕರಿಸುತ್ತಾನೆ. ಬರೆಯುತ್ತ ಬರೆಯುತ್ತ ಆ ಅನುಕರಣವು ಅವನ ಒಳಗಿಳಿದು, ಕಡೆಗೆ ಅಂದವಾದ ಅಕ್ಷರವು ಅವನ ಕೈಯಿಂದ ತಾನಾಗಿ ಬರುತ್ತದೆ. ಕೈಯಿಂದ ಹೃದಯಕ್ಕೆ ಒಂದು ಪ್ರಭಾವ ಹೋಗುತ್ತದೆ. ಹೃದಯದಿಂದ ಕೈಗೆ ಅದು ಮರಳಿಬರುತ್ತದೆ. ನಟನೆಯಿಂದ ತೊಡಗಿದ ಸದ್ಗುಣವು ಕಪಟವಲ್ಲವೇ ಎಂಬ ನಮ್ಮ ಕಾಲದ ಸಂದೇಹಕ್ಕೂ ಇದರಲ್ಲಿ ಉತ್ತರವುಂಟು. ಮೊದಲ ದಿನ ಸ್ಲೇಟಿನ ಮೇಲೆ ಮೇಲ್ಪಂಕ್ತಿಯನ್ನು ತಿದ್ದುವ ಹುಡುಗನನ್ನು ಯಾರೂ ಕಪಟಿಯೆನ್ನುವುದಿಲ್ಲ. ಹಿಂದುಸ್ಥಾನದ ಮುಸಲ್ಮಾನರಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಹೇಳಿಸಿ ಅಕ್ಷರ ತೊಡಗಿಸುವ ವಾಡಿಕೆಯುಂಟು; ನಮ್ಮ ಅಕ್ಷರಾಭ್ಯಾಸಕ್ಕೆ ಅದು ಒಡಹುಟ್ಟು. ಶಿಶುವು ತಂದೆತಾಯಿಗಳ ಕೈಯಲ್ಲಿಟ್ಟ ನಿಕ್ಷೇಪವೆಂದೂ ಅದರ ಹೃದಯವು ಯಾವ ಚಿತ್ರವೂ ಮೂಡದ ರತ್ನವೆಂದೂ ಗಜ್ಜಾಲಿಯು ಅದೇ ೨೨ನೆಯ ಭಾಗದಲ್ಲಿ ಹೇಳಿ, ಊಟದ ರೀತಿಯಿಂದ ಹಿಡಿದು ಪಾಠವಾದ ಮೇಲೆ ಆಟಕ್ಕೆ ಬಿಡಬೇಕೆಂಬವರೆಗೆ ವಿಧಿಸಿದ್ದಾನೆ. ಆಟವನ್ನು ತಡೆದು ಬರಿಯ ಓದಿಗೆ ಕಟ್ಟಿಹಾಕಿದರೆ ಹುಡುಗನ ಹೃದಯವು ಸತ್ತುಹೋಗುತ್ತದೆಂಬುದು ಅವನ ಎಚ್ಚರಿಕೆ.

ಟ್ಯೂನಿಸಿನ ಇಬ್ನ್ ಖಲ್ದೂನನು (೧೩೩೨-೧೪೦೬) ಇದನ್ನೇ ಇತಿಹಾಸದ ಕಡೆಯಿಂದ ನೋಡಿದನು. ಮನುಷ್ಯನು ತನ್ನ ಹುಟ್ಟುಸ್ವಭಾವದ ಕೂಸಲ್ಲ, ತಾನು ರೂಢಿಸಿಕೊಂಡ ಅಭ್ಯಾಸಗಳ ಕೂಸು, ಎಂಬುದು ಅವನ ಸಿದ್ಧಾಂತ. ಅಧ್ಯಾಪಕರು ಓದಬೇಕಾದ ಪ್ರಕರಣವೊಂದು ಅವನ 'ಮುಕದ್ದಮ'ದಲ್ಲಿದೆ. ವಿದ್ಯಾರ್ಥಿಯಾಗಲಿ, ದಾಸನಾಗಲಿ, ಸೇವಕನಾಗಲಿ, ಹೊಡೆತಬಡಿತಗಳಿಂದ ಬೆಳೆದವನ ನಫ್ಸು ಕುಗ್ಗುತ್ತದೆ. ಅವನು ಸುಳ್ಳನ್ನೂ ಕಪಟವನ್ನೂ ಆತ್ಮರಕ್ಷಣೆಗಾಗಿ ಕಲಿಯುತ್ತಾನೆ. ಕಲಿತದ್ದು ಕ್ರಮೇಣ ಅವನ ಗುಣವಾಗುತ್ತದೆ. ಹೀಗೆ ದಬ್ಬಾಳಿಕೆಗೊಳಗಾದ ಜನಾಂಗಗಳಿಗೂ ಇದೇ ಗತಿ, ಎಂದು ಅವನು ನಿರೂಪಿಸುತ್ತಾನೆ. ದಾಸ್ಯದಲ್ಲಿದ್ದವರ 'ಸ್ವಭಾವ'ವನ್ನು ಗ್ಯಾಜೆಟಿಯರುಗಳಲ್ಲಿ ಓದುವಾಗ ಕಾರಣಕಾರ್ಯಗಳು ಅದಲುಬದಲಾಗಿರುವುದನ್ನು ಕಾಣಲು ಈ ಪ್ರಕರಣವು ಒಳ್ಳೆಯ ಕನ್ನಡಕ. ಆದರೆ ಇವನನ್ನೂ ಪೂರ್ತಿಯಾಗಿ ನೆಚ್ಚುವಂತಿಲ್ಲ. ಕರಿಯ ಮೈಬಣ್ಣಕ್ಕೆ ನೋಹನ ಶಾಪವೇ ಕಾರಣವೆಂಬ ಕಟ್ಟುಕಥೆಯನ್ನು ತಿರಸ್ಕರಿಸಿದ ಇವನೇ, ಅತ್ಯುಷ್ಣ ವಲಯಗಳ ಜನರ ಗುಣವನ್ನು ಹವೆಯಿಂದ ವಿವರಿಸಹೊರಟು, ಆಫ್ರಿಕದವರ ವಿಷಯದಲ್ಲಿ ತೀರ ಹಗುರವಾದ ಮಾತುಗಳನ್ನಾಡಿದ್ದಾನೆ. ಫಿತ್ರತ್ತಿನ ತತ್ತ್ವವನ್ನು ಒಪ್ಪಿದ ಸಮಾಜಗಳಲ್ಲಿಯೂ ದಾಸರ ಕ್ರಯವಿಕ್ರಯ ನಡೆಯಿತೆಂಬುದನ್ನು ಮರೆಮಾಚುವುದೂ ಸತ್ಯಕ್ಕೆ ಹೊಂದದು.

ದಖ್ಖಣದ ಇತಿಹಾಸದಲ್ಲಿ ಇದರ ಎರಡು ಮುಖಗಳೂ ಒಬ್ಬನೇ ಪುರುಷನಲ್ಲಿ ಕಾಣುತ್ತವೆ. ಮಲಿಕ್ ಅಂಬರನು ಇಥಿಯೋಪಿಯದಲ್ಲಿ ೧೫೪೮ರ ಸುಮಾರಿಗೆ ಹುಟ್ಟಿ, ಎಳೆತನದಲ್ಲಿಯೇ ಮಾರಲ್ಪಟ್ಟು, ಕೈಯಿಂದ ಕೈಗೆ ಹೋಗಿ, ಅಹಮದನಗರದ ಮಂತ್ರಿಯಾದ ಚೆಂಗೀಸಖಾನನ ಬಳಿ ಸೇರಿದನು. ಈ ಚೆಂಗೀಸಖಾನನೂ ಒಮ್ಮೆ ದಾಸನಾಗಿದ್ದ ಹಬಶಿಯೇ. ಅವನಲ್ಲಿ ರಾಜ್ಯಕಾರ್ಯವನ್ನು ಕಲಿತ ಅಂಬರನು ಮುಂದೆ ತಾನೇ ಆ ರಾಜ್ಯದ ಸೂತ್ರಧಾರನಾಗಿ, ೧೬೨೬ರಲ್ಲಿ ತೀರಿಕೊಳ್ಳುವವರೆಗೂ ಮೊಗಲರನ್ನು ತಡೆದು ನಿಲ್ಲಿಸಿದನು. ಖರ್ಜೂರದ ಬೀಜಕ್ಕೆ ನೀರೆರೆದವರಿದ್ದರು. ಗೋವೆಯ ಗಡಿ ದಾಟಿ ಜೋಯಿಡಾದ ಕಾಡಿಗೆ ಬಂದವರಿಗೆ ಎರೆಯುವವರಿರಲಿಲ್ಲ. ಮೂಲವು ಒಂದೇ ಖಂಡ. ಫಲದಲ್ಲಿ ಇಷ್ಟು ಅಂತರ.

ಇಂದಿನ ಕಾಲವೂ 'ಸ್ವಭಾವ'ದ ಮೋಹದಿಂದ ಪೂರ್ತಿ ಬಿಡುಗಡೆ ಹೊಂದಿಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರವು ೧೯೮೭ರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಓಟವೇ ಮೊದಲಾದ ಸ್ಪರ್ಧೆಗಳಿಗೆ ಅಣಿಮಾಡುವ ಯೋಜನೆಯನ್ನು ಕೈಕೊಂಡಿತು. ಆಫ್ರಿಕದ ರಕ್ತದಲ್ಲಿ ಓಟವಿದೆಯೆಂಬ ಭಾವನೆಯೇ ಅದರ ಮೂಲ. ಕೆಲವು ಮಕ್ಕಳು ಪದಕಗಳನ್ನು ಗೆದ್ದದ್ದೂ ನಿಜ. ಕೆಲವೇ ವರ್ಷಗಳಲ್ಲಿ ಯೋಜನೆಯು ನಿಂತುಹೋಯಿತು. ಹೊಗಳಿಕೆಯಾಗಿ ಬಂದರೂ ಜನಾಂಗಕ್ಕೊಂದು ಸ್ವಭಾವವನ್ನು ಹೊರಿಸುವ ಕ್ರಮವು ಹಳೆಯ ಗ್ಯಾಜೆಟಿಯರಿನ ಕ್ರಮವೇ. ಗಜ್ಜಾಲಿಯು ಕೇಳುತ್ತಿದ್ದ ಪ್ರಶ್ನೆ ಬೇರೆ: ನೀರೆರೆಯುವುದನ್ನು ನಡುವೆ ನಿಲ್ಲಿಸಿದವರು ಯಾರು?

ಕಡೆಯದಾಗಿ ನಮ್ಮ ನಾಡಿನ ಸಾಹಿತ್ಯದಲ್ಲಿ ಈ ವಿಚಾರವು ಹೇಗೆ ಇಳಿಯಿತೆಂಬುದು. ಬಂದೇನವಾಜ್ ಗೇಸೂದರಾಜರು (ಮರಣ ೧೪೨೨) ಕಲಬುರ್ಗಿಯಲ್ಲಿ ನೆಲೆಸಿದ ಬಳಿಕ, ಅದರಲ್ಲಿಯೂ ಬಿಜಾಪುರದ ಆದಿಲಶಾಹಿಯ ಕಾಲದಲ್ಲಿ, ಸೂಫಿಗಳು ದಖ್ಖನಿ ಭಾಷೆಯಲ್ಲಿ ಸಾಮಾನ್ಯರಿಗಾಗಿ ಹಾಡುಗಳನ್ನು ಕಟ್ಟಿದರು. ಅವುಗಳಲ್ಲಿ 'ಚಕ್ಕಿನಾಮೆ' ಎಂಬ ಒಂದು ಜಾತಿ ಬಹು ಸೊಗಸಾದುದು. ಹೆಂಗಸರು ಬೀಸುವಾಗ ಹಾಡತಕ್ಕ ಪದಗಳಿವು. ಬೀಸುವ ಕಲ್ಲಿನ ಹಿಡಿಯನ್ನು ದೇವರ ನಾಮದ ಮೊದಲಕ್ಷರವಾದ ಅಲಿಫಿಗೂ ನಡುವಣ ಕೀಲನ್ನು ಪೈಗಂಬರರಿಗೂ ಹೋಲಿಸಿ, ಕೈ ತಿರುಗಿದಂತೆಲ್ಲ ನೆನಹು ನಡೆಯುವಂತೆ ಅವನ್ನು ರಚಿಸಿದ್ದಾರೆ. ಬಂದೇನವಾಜರ ಹೆಸರಿನಲ್ಲಿ ಹೇಳುವ ದಖ್ಖನಿ ಕೃತಿಗಳ ಕರ್ತೃತ್ವವು ಸಂಶಯಾಸ್ಪದವಾದರೂ ಪದ್ಧತಿಯು ಬಲವಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಗಜ್ಜಾಲಿಯು ಗ್ರಂಥದಲ್ಲಿ ಹೇಳಿದ ಕೈ-ಹೃದಯಗಳ ಕೊಳುಕೊಡೆಯು ಇಲ್ಲಿ ಅಕ್ಷರವರಿಯದ ಹೆಂಗಸಿನ ನಸುಕಿನ ದುಡಿಮೆಯಲ್ಲಿ ನಡೆದಿದೆ. ನಮ್ಮ ಬೀಸುವ ಪದಗಳನ್ನು ಸಂಗ್ರಹಿಸಿದವರು ಈ ಚಕ್ಕಿನಾಮೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದು ಒಳ್ಳೆಯ ಅಭ್ಯಾಸವಾದೀತು.

ಶರೀಫ ಸಾಹೇಬರು (೧೮೧೯-೧೮೮೯) ಈ ಎರಡು ಲೋಕಗಳ ನಡುವೆ ನಿಂತವರು. ತಂದೆ ಇಮಾಮ ಸಾಹೇಬರ ಮೂಲಕ ಹುಲಗೂರಿನ ಖಾದರಿ ಪರಂಪರೆಯ ಸಂಬಂಧ; ಗುರು ಕಳಸದ ಗೋವಿಂದ ಭಟ್ಟರು; ಸುತ್ತಲೂ ವೀರಶೈವ ಮಠಗಳ ಬಳಕೆ. ಕೆಲಕಾಲ ಶಾಲಾಮಾಸ್ತರಿಕೆಯನ್ನೂ ಮಾಡಿದ್ದರು. ಮೊಹರಮ್ಮಿನ ರಿವಾಯತು ಪದಗಳನ್ನೂ ತತ್ತ್ವಪದಗಳನ್ನೂ ಒಂದೇ ಕೈಯಿಂದ ಬರೆದರು. ಸೋರುವ ಮಾಳಿಗೆಯ ವಿಷಯವಾದ ಅವರ ಪದವು ಎಲ್ಲರಿಗೂ ತಿಳಿದುದೇ. ಅದನ್ನು ಬೋಧಿಸುವಾಗ ಮನೆ ದೇಹ, ಸೋರಿಕೆ ಅಜ್ಞಾನ ಎಂದು ಹೇಳಿ ಮುಂದಕ್ಕೆ ಸಾಗುವುದು ರೂಢಿಯಾಗಿದೆ. ಆ ಪದದಲ್ಲಿ ಮಾತನಾಡುತ್ತಿರುವವನು ಯಾರು, ಎಂದು ವಿದ್ಯಾರ್ಥಿಗಳನ್ನು ಕೇಳಬೇಕು. ಮನೆ ಕೆಟ್ಟಿದೆಯೆಂದು ಅರಿತವನು, ಕೆಟ್ಟದ್ದು ತನ್ನ ಅಲಕ್ಷ್ಯದಿಂದಲೇ ಎಂದು ಹಳಿದುಕೊಳ್ಳುವವನು, ಇನ್ನೂ ಮಾಳಿಗೆ ಹತ್ತದವನು. ಈ ನಡುವಣ ಸ್ಥಿತಿಗೆ ಕುರಾನು ಕೊಟ್ಟ ಹೆಸರು 'ಲವ್ವಾಮ'. ಅದ್ವೈತದ ನಿತ್ಯಶುದ್ಧವಾದ ಆತ್ಮನಿಗೆ ಸೋರುವ ಮಾಳಿಗೆಯ ಗೊಡವೆಯಿಲ್ಲ.

ಇದನ್ನು ಹೇಳಿ, ಶರೀಫರು ಗಜ್ಜಾಲಿಯನ್ನು ಓದಿ ಬರೆದರೆಂದು ಸಾಧಿಸಹೊರಟರೆ ಅದೂ ಅತಿರೇಕವೇ. ಅವರ ಪರಿಭಾಷೆಯು ಬಹುಮಟ್ಟಿಗೆ ಯೋಗಶಾಸ್ತ್ರದ್ದು, ವೀರಶೈವರದು. ಅದರ ಕೆಳಗೆ ಹರಿಯುವ ನೀರು ಎಲ್ಲಿಂದ ಬಂದುದೆಂದು ಗೆರೆಯೆಳೆದು ತೋರಿಸಲಾಗದು. ಇಕ್ಬಾಲ್ ಕವಿಯು ೧೯೧೫ರಲ್ಲಿ ತನ್ನ 'ಅಸ್ರಾರೆ ಖುದಿ'ಯನ್ನು ಪ್ರಕಟಿಸಿ, ವ್ಯಕ್ತಿತ್ವವನ್ನು ಕರಗಿಸುವುದಲ್ಲ, ಗಟ್ಟಿಗೊಳಿಸುವುದೇ ಧರ್ಮ ಎಂದು ವಾದಿಸಿದಾಗ ಸೂಫಿಗಳ ಪಕ್ಷದವರು ಸಿಡಿದೆದ್ದರು. 'ಖುದಿ' ಎಂಬ ಪದಕ್ಕೆ ಅದುವರೆಗೆ ಅಹಂಕಾರವೆಂಬ ಹೀನಾರ್ಥವೇ ಬಳಕೆಯಲ್ಲಿತ್ತು. ಅವನು ೧೯೨೯ರ ಆರಂಭದಲ್ಲಿ ಮೈಸೂರಿಗೂ ಬಂದು, ಶ್ರೀರಂಗಪಟ್ಟಣದ ಟಿಪ್ಪುವಿನ ಗೋರಿಯನ್ನು ಸಂದರ್ಶಿಸಿ ಹೋದನು. ಅವನ ಖುದಿಯ ಅಳತೆಗೋಲಿನಿಂದ ಶರೀಫರನ್ನು ಅಳೆಯುವುದೂ ಸಲ್ಲದು.

ಆದುದರಿಂದ ತರಗತಿಯ ಮಟ್ಟಿಗೆ ನಮ್ಮ ಸೂಚನೆಯು ಇಷ್ಟೇ: ಫಿತ್ರತ್, ನಫ್ಸ್, ಕಲ್ಬ್, ಖುಲುಕ್ ಎಂಬ ನಾಲ್ಕು ಪದಗಳನ್ನು ಕನ್ನಡಕ್ಕೆ ತಿರುಗಿಸದೆ ಹಾಗೆಯೇ ಇಟ್ಟು, ಪ್ರತಿಯೊಂದಕ್ಕೂ ಒಂದು ವಾಕ್ಯದ ವಿವರಣೆಯನ್ನು ಕೊಡುವುದು. ಹಳಿಯಾಳ, ಮುಂಡಗೋಡಗಳ ಶಾಲೆಗಳಲ್ಲಿ ಆ ವಿವರಣೆಯನ್ನು ಕೇಳುವ ಮಕ್ಕಳಲ್ಲಿ ಮನೆಯಲ್ಲಿ ದಖ್ಖನಿಯನ್ನಾಡುವವರೂ ಇರುತ್ತಾರೆ. 'ನಫ್ಸ್' ಎಂಬ ಪದವನ್ನು ಅವರು ಅಜ್ಜಿಯ ಬಾಯಿಂದ ಆಗಲೇ ಕೇಳಿರಬಹುದು. ಅಂತಹ ಕಡೆ ಅಧ್ಯಾಪಕರು ವಿವರಣೆಯನ್ನು ತಾವು ಹೇಳುವುದಕ್ಕೆ ಮುಂಚೆ ಆ ಮಕ್ಕಳನ್ನು ಒಮ್ಮೆ ಕೇಳಿ ನೋಡುವುದು ಮೇಲು.